ಎಲೆಕ್ಷನ್ ಬಂದಾಗ ಕೋವಿ ಸ್ಟೇಷನ್ನಲ್ಲಿ ಇಡೋದು, ಬೆಳೆ ಕಾಯೋರಿಗೆ ವಿನಾಯಿತಿ ಸಿಗುತ್ತಾ? ಗೊತ್ತಿದ್ದೋರು ಹೇಳಿ

ತೋಟದಮನೆ_ಮಗಳು:

ನಮಸ್ಕಾರ ಎಲ್ರಿಗೂ. ನಮ್ದು ಘಟ್ಟದ ಅಂಚಲ್ಲಿ ಮೂರೆಕರೆ ಅಡಿಕೆ ತೋಟ, ಮಧ್ಯೆ ಬಾಳೆ, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದೀವಿ. ತೋಟದ ಮೇಲ್ಗಡೆ ಸೊಪ್ಪಿನಬೆಟ್ಟ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಗುಡ್ಡ, ಅದರಾಚೆಗೆ ಫಾರೆಸ್ಟು. ಅಪ್ಪನ ಹೆಸರಲ್ಲಿ ಒಂದು ಕೋವಿ ಇದೆ, ಬೆಳೆ ರಕ್ಷಣೆ ಲೈಸೆನ್ಸು, ಅಜ್ಜನ ಕಾಲದ ಒಂಟಿ ನಳಿಗೆದು, ಮಸಿ (ಕೋವಿ ಮದ್ದು) ತುಂಬಿ ಕೇಪು ಹಾಕಿ ಹೊಡೆಯೋದು. ಯಾವ ಪ್ರಾಣಿಗೂ ಗುರಿ ಇಡೋದಿಲ್ಲ, ರಾತ್ರಿ ಹಂದಿ ಗುಂಪು ಬಂತು ಅಂದ್ರೆ ಅಂಗಳದಿಂದ ಆಕಾಶಕ್ಕೆ ಒಂದು ಈಡು, ಅಷ್ಟೇ, ಎರಡು ಮೂರು ದಿನ ಆ ಕಡೆ ತಲೆ ಹಾಕಲ್ಲ.

2024ರ ಲೋಕಸಭೆ ಎಲೆಕ್ಷನ್‌ಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತಲ್ಲ, ಅದಾಗಿ ನಾಕೈದು ದಿನಕ್ಕೇ ಸ್ಟೇಷನ್ನಿಂದ ಫೋನು, ಕೋವಿ ತಂದು ಕೊಡಿ ಅಂತ. ಅಪ್ಪಂಗೆ 74 ವರ್ಷ. ಕೋವಿನ ಹಳೇ ಪಂಚೆಲಿ ಸುತ್ತಿ ಆಟೋ ಮಾಡ್ಕೊಂಡು ಹೋದ್ವಿ. ಅಲ್ಲಿ ನಮ್ಮ ಥರದೋರೇ ನಲವತ್ತು ಐವತ್ತು ಜನ, ಎಲ್ಲ ಮುದುಕರು, ಹೆಗಲ ಮೇಲೆ ಟವೆಲ್ಲು ಕೈಲಿ ಬಟ್ಟೆ ಸುತ್ತಿದ ಕೋವಿ, ಬಿಸಿಲಲ್ಲಿ ಸಾಲಾಗಿ ನಿಂತಿದ್ರು. ನಮ್ಮ ಕಡೆ ಮತದಾನ ಮೇ 7ಕ್ಕೆ ಮುಗೀತು, ರಿಸಲ್ಟು ಜೂನ್ 4ಕ್ಕೆ, ಕೋವಿ ಕೈಗೆ ಬಂದಿದ್ದು ಜೂನ್ ಎರಡನೇ ವಾರ, ಆಗ್ಲೇ ಮಳೆ ಹಿಡ್ಕೊಂಡಿತ್ತು. ಹತ್ತಿರ ಹನ್ನೆರಡು ವಾರ ಮನೇಲಿ ಕೋವಿ ಇಲ್ಲ. ಆ ಹನ್ನೆರಡು ವಾರನೇ ನಮಗೆ ಕಷ್ಟದ ಕಾಲ, ಹಲಸು ಹಣ್ಣಾಗುತ್ತೆ, ಕಾಡಲ್ಲಿ ನೀರು ಬತ್ತಿರುತ್ತೆ, ಎಲ್ಲವೂ ಕೆಳಗಿಳಿದು ಬರ್ತವೆ. ಮೇ ತಿಂಗಳ ಒಂದು ರಾತ್ರಿ ನಾನೂ ಅಮ್ಮನೂ ತಗಡಿನ ಡಬ್ಬ ಬಡೀತಾ ನಿಂತಿದ್ವಿ, ಟಾರ್ಚಿನ ಬೆಳಕಲ್ಲಿ ಹಂದಿಗಳು ತಲೆ ಎತ್ತಿ ನೋಡಿ ಮತ್ತೆ ಬಾಳೆ ಬುಡಕ್ಕೇ ಮೂತಿ ಹಾಕಿದ್ವು, ಡಬ್ಬದ ಸದ್ದು ಅವಕ್ಕೆ ಅಭ್ಯಾಸ ಆಗಿಬಿಟ್ಟಿದೆ. ಬೆಳಿಗ್ಗೆ ನೋಡಿದ್ರೆ ಎರಡು ಸಾಲು ಬಾಳೆ, ಹಿಂದಿನ ವರ್ಷ ನೆಟ್ಟ ಅಡಿಕೆ ಸಸಿ ಎಲ್ಲ ಮಗುಚಿ ಬಿದ್ದಿತ್ತು. ಅಪ್ಪ ಏನೂ ಮಾತಾಡ್ಲಿಲ್ಲ, ಸಸಿ ಒಂದೊಂದೇ ಎತ್ತಿ ಬೇರು ನೋಡಿ ಮತ್ತೆ ಮಣ್ಣಿಗೆ ಇಡ್ತಾ ಹೋದ್ರು.

ಇನ್ನು ಕೋವಿ ವಾಪಸ್ ಬಂದಾಗ ನಳಿಗೆ ಮೇಲೆಲ್ಲಾ ಕೆಂಪು ತುಕ್ಕು.

ಈಗ ಜಿಲ್ಲಾ, ತಾಲೂಕು ಪಂಚಾಯ್ತಿ ಚುನಾವಣೆ ಮಾತು ಮತ್ತೆ ಮತ್ತೆ ಕೇಳ್ತಿದೆ, 2021ಕ್ಕೇ ಅವಧಿ ಮುಗಿದಿದ್ದು ಇನ್ನೂ ಆಗಿಲ್ಲ, ಯಾವತ್ತು ಘೋಷಣೆ ಆದ್ರೂ ಮತ್ತದೇ ಫೋನು ಬರುತ್ತೆ. ನಾನು ಕೇಳೋದು ಇಷ್ಟೇ, ಲೈಸೆನ್ಸ್ ಇರೋ ಪ್ರತಿಯೊಬ್ರೂ ಇಡಲೇಬೇಕು ಅಂತ ಕಾನೂನಿದೆಯಾ? ಬೆಳೆ ಕಾಯೋರಿಗೆ ವಿನಾಯಿತಿ ಕೇಳೋಕೆ ಯಾರ ಹತ್ರ ಹೋಗ್ಬೇಕು, ಅರ್ಜಿ ಜೊತೆ ಏನು ಕೊಡ್ಬೇಕು? ಕಾನೂನು ಮುರಿಯೋ ಮನಸ್ಸು ನಮಗಿಲ್ಲ, ಅಪ್ಪ ಐವತ್ತು ವರ್ಷದಲ್ಲಿ ಒಂದು ಸಲನೂ ರಿನ್ಯೂವಲ್ ತಪ್ಪಿಸಿದೋರಲ್ಲ.

ಕೋರ್ಟ್_ಜಗಲಿ:

ಅಕ್ಕ, ನಾನು ತಾಲೂಕು ಕೋರ್ಟಲ್ಲಿ ವಕಾಲತ್ತು ಮಾಡೋನು, ಇದೇ ವಿಷಯಕ್ಕೆ ಪ್ರತಿ ಎಲೆಕ್ಷನ್‌ಗೂ ಹತ್ತಾರು ಜನ ರೈತರು ಬರ್ತಾರೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲನೇ ಮಾತು, ಎಲ್ಲರೂ ಇಡಲೇಬೇಕು ಅಂತ 1959ರ ಆಯುಧ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಎಲೆಕ್ಷನ್ ಟೈಮಲ್ಲಿ ಬರೋದು ಜಿಲ್ಲಾಧಿಕಾರಿಗಳ ನಿಷೇಧಾಜ್ಞೆ, ಮುಂಚೆ ಸಿಆರ್‌ಪಿಸಿ 144 ಅಂತಿದ್ವಲ್ಲ ಅದು, 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೆಕ್ಷನ್ 163 ಆಗಿದೆ. ಅದರ ಜೊತೆಗೆ ಚುನಾವಣಾ ಆಯೋಗದ ಸೂಚನೆ ಇರುತ್ತೆ. ಆ ಸೂಚನೆ ಏನು ಹೇಳುತ್ತೆ ಅನ್ನೋದನ್ನ ಜನ ಓದೋದೇ ಇಲ್ಲ, ಸ್ಟೇಷನ್ನೋರೂ ಎಷ್ಟೋ ಕಡೆ ಓದಿರಲ್ಲ. 2009ರಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಇದೇ ಪ್ರಶ್ನೆ ಬಂದು, ಸಾರಾಸಗಟು ಎಲ್ಲರ ಹತ್ರ ಕೋವಿ ತಗೊಳ್ಳೋದು ಸರಿಯಲ್ಲ ಅಂತ ಆದ ಮೇಲೆ ಆಯೋಗ ಒಂದು ಕ್ರಮ ಹಾಕಿಕೊಡ್ತು. ಜಿಲ್ಲೆಲಿ ಡಿಸಿ ಮತ್ತು ಎಸ್ಪಿ ಇರೋ ಸ್ಕ್ರೀನಿಂಗ್ ಕಮಿಟಿ ಇರ್ಬೇಕು, ಆ ಕಮಿಟಿ ಲೈಸೆನ್ಸ್‌ದಾರರನ್ನ ಒಬ್ಬೊಬ್ಬರಾಗಿ ನೋಡ್ಬೇಕು, ಬೇಲ್ ಮೇಲೆ ಹೊರಗಿರೋರು, ಕ್ರಿಮಿನಲ್ ಹಿನ್ನೆಲೆ ಇರೋರು, ಹಿಂದೆ ಗಲಭೆಲಿ ಅದರಲ್ಲೂ ಎಲೆಕ್ಷನ್ ಗಲಭೆಲಿ ಸಿಕ್ಕಿಬಿದ್ದೋರು, ಇಂಥೋರಿಂದ ಕೋವಿ ತಗೋಬೇಕು. ಇವು ಉದಾಹರಣೆಗೆ ಅಂತ ಹೇಳಿದ್ದು, ಬೇರೆ ಕಾರಣನೂ ಇರಬಹುದು, ಆದ್ರೆ ಕಾರಣ ಅಂತ ಒಂದು ಇರಲೇಬೇಕು. ನೋಟಿಸ್ ಕೈಗೆ ಬಂದ ಮೇಲೆ ತಂದಿಡೋಕೆ ಏಳು ದಿನ ಟೈಮು. ಇಟ್ಟಾಗ ರಸೀದಿ ಕೊಡ್ಬೇಕು, ಜೋಪಾನವಾಗಿ ಇಡೋ ಜವಾಬ್ದಾರಿ ಆಡಳಿತದ್ದು, ರಿಸಲ್ಟ್ ಬಂದು ಒಂದು ವಾರ ಆದ ಕೂಡ್ಲೇ ವಾಪಸ್ ಕೊಡ್ಬೇಕು.

2024ರ ಮಾರ್ಚಲ್ಲಿ ಅಲಹಾಬಾದ್ ಹೈಕೋರ್ಟೂ ಇದನ್ನೇ ಹೇಳಿದೆ, ಕಮಿಟಿ ಒಬ್ಬೊಬ್ಬರ ವಿಷಯದಲ್ಲಿ ಕಾರಣ ಬರೆಯದೇ ಬರೀ ಜನರಲ್ ಆರ್ಡರ್ ತೋರಿಸಿ ಕೋವಿ ಇಡಿ ಅನ್ನೋ ಹಾಗಿಲ್ಲ ಅಂತ. ಅದು ಬೇರೆ ರಾಜ್ಯದ ಹೈಕೋರ್ಟು, ನಮ್ಮಲ್ಲಿ ಅದೇ ಕಡ್ಡಾಯ ಅಂತಲ್ಲ, ಆದ್ರೆ ಅರ್ಜಿಲಿ ತೋರಿಸಬಹುದು, ತೂಕ ಇರುತ್ತೆ.

ಇನ್ನೊಂದು ಪಾಯಿಂಟ್ ಇದೆ, ನಿಷೇಧಾಜ್ಞೆ ಮ್ಯಾಜಿಸ್ಟ್ರೇಟರ ಕೈಲಿ ಎರಡು ತಿಂಗಳಿಗಿಂತ ಹೆಚ್ಚು ಓಡಲ್ಲ, ಮುಂದುವರಿಸಬೇಕಂದ್ರೆ ರಾಜ್ಯ ಸರ್ಕಾರ ಆದೇಶ ಮಾಡ್ಬೇಕು. ನಿಮ್ಮ ಕೋವಿ ಹನ್ನೆರಡು ವಾರ ಒಳಗಿತ್ತು ಅಂದ್ರಲ್ಲ, ಮುಂದಿನ ಸಲ ಆದೇಶದ ಪ್ರತಿ ಕೇಳಿ ತಗೊಂಡು ತಾರೀಖು ನೋಡಿ.

ಮಾಡಬೇಕಾದ್ದು ಹೀಗೆ. ಘೋಷಣೆ ಆದ ವಾರದಲ್ಲೇ ಡಿಸಿಗೆ ಅರ್ಜಿ ಬರೀರಿ, ಒಂದು ಪ್ರತಿ ಸ್ಟೇಷನ್‌ಗೆ. ಲೈಸೆನ್ಸ್ ಪ್ರತಿ, ಪಹಣಿ, ಫಾರೆಸ್ಟ್ ಆಫೀಸಿಗೆ ಬೆಳೆ ಹಾನಿ ಅಂತ ಹಿಂದೆ ಕೊಟ್ಟಿರೋ ದೂರು ಇದ್ರೆ ಅದರ ಪ್ರತಿ, ಹಾಳಾದ ತೋಟದ ಫೋಟೋ ತಾರೀಖು ಸಮೇತ. ಅಪ್ಪನ ಮೇಲೆ ಯಾವ ಕೇಸೂ ಇಲ್ಲ ಅಂತ ಒಂದು ಸಾಲು ಬರೀರಿ. ಮರೀದೇ ಸೀಲು ಹಾಕಿಸಿ ಸ್ವೀಕೃತಿ ತಗೊಳ್ಳಿ. ಆಗಲ್ಲ ಅಂದ್ರೆ ಬಾಯಿ ಮಾತಲ್ಲಿ ಕೇಳ್ಕೊಂಡು ಬರಬೇಡಿ, ಕಾರಣ ಬರೆದು ಹಿಂಬರಹ, ಅಂದ್ರೆ ಲಿಖಿತ ಉತ್ತರ, ಕೊಡಿ ಅನ್ನಿ. ಎಷ್ಟೋ ಸಲ ಹಿಂಬರಹ ಕೇಳಿದ್ರೆ ಸಾಕು, ಫೈಲು ಒಂದು ಸಲ ತೆಗೆದು ನೋಡ್ತಾರೆ. ಅದು ಬರೋವರೆಗೆ ಅಥವಾ ಅರ್ಜಿ ವಜಾ ಆದ್ರೆ ಕೋವಿ ಮನೇಲಿ ಇಟ್ಕೊಂಡು ಕೂರಬೇಡಿ, ತಂದಿಟ್ಟು ರಸೀದಿ ತಗೊಳ್ಳಿ, ಆದೇಶ ಮೀರಿದ್ರೆ ಕೇಸ್ ಆಗುತ್ತೆ, ಆ ಕೇಸು ಆಮೇಲೆ ರಿನ್ಯೂವಲ್‌ಗೇ ಅಡ್ಡ ಬರುತ್ತೆ.

ಪಂಚಾಯ್ತಿ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ, ದಿಲ್ಲಿದಲ್ಲ, ಹಾಗಾಗಿ ಆ ಸಲದ ಆದೇಶ ಏನು ಹೇಳುತ್ತೆ ಅಂತ ಬೇರೆಯಾಗೇ ಓದ್ಬೇಕು.

ಊರಬಾಗ್ಲು:

ನಾನು ಇದಕ್ಕೆ ಒಪ್ಪಲ್ಲ, ಬೇಜಾರಾಗ್ಬೇಡಿ. ಎಲ್ಲರದ್ದೂ ಒಟ್ಟಿಗೆ ತಗೊಳ್ಳೋದೇ ಸರಿ. ಒಬ್ಬೊಬ್ಬರನ್ನ ನೋಡಿ ಬಿಡೋದು ಅಂತ ಶುರುವಾದ್ರೆ ವಿನಾಯಿತಿ ಸಿಗೋದು ಯಾರಿಗೆ ಹೇಳಿ? ನಿಮ್ಮಪ್ಪನಂಥೋರಿಗಲ್ಲ, ಎಮ್ಮೆಲ್ಲೆ ಹಿಂದೆ ಮುಂದೆ ಓಡಾಡೋ ದೊಡ್ಡ ತೋಟದೋರಿಗೆ. ನಮ್ಮೂರಲ್ಲಿ ಒಂದು ಪಂಚಾಯ್ತಿ ಎಲೆಕ್ಷನ್ನಲ್ಲಿ ಎರಡು ಪಾರ್ಟಿಯೋರು ಬಸ್ ಸ್ಟ್ಯಾಂಡಲ್ಲಿ ಹೊಡೆದಾಡ್ಕೊಂಡ್ರು, ದೊಣ್ಣೆ ಕಲ್ಲಲ್ಲೇ ಮೂರು ಜನ ಆಸ್ಪತ್ರೆ ಸೇರಿದ್ರು. ಆ ಎರಡೂ ಕಡೆಯೋರ ಮನೇಲೂ ಲೈಸೆನ್ಸ್ ಇರೋ ಕೋವಿ ಇತ್ತು, ಅದೃಷ್ಟಕ್ಕೆ ಆವತ್ತು ಅವು ಸ್ಟೇಷನ್ನಲ್ಲಿದ್ವು. ಅದರಲ್ಲಿ ಒಬ್ಬರ ಮೇಲೂ ಹಿಂದೆ ಯಾವ ಕೇಸೂ ಇರಲಿಲ್ಲ, ಹಾಗಾಗಿ ಕಮಿಟಿ ಪೇಪರ್ ನೋಡಿ ಬಿಟ್ಟಿದ್ರೆ ಅವರ ಕೋವಿ ಮನೇಲೇ ಇರ್ತಿತ್ತು. ಇದನ್ನೂ ಯೋಚನೆ ಮಾಡಿ. ಬೆಳೆ ಹೋದ್ರೆ ಪರಿಹಾರ ಕೇಳಬಹುದು.

ತೋಟದಮನೆ_ಮಗಳು:

ಊರಬಾಗ್ಲು ಅವರೇ ಬೇಜಾರೇನಿಲ್ಲ, ನೀವು ಹೇಳಿದ್ದು ಖಂಡಿತ ಯೋಚನೆ ಮಾಡೋ ವಿಷಯ. ಆದ್ರೆ ಪರಿಹಾರ ಅಂದ್ರಲ್ಲ, ಅಡಿಕೆ ಸಸಿ ನೆಟ್ಟು ಫಸಲು ಬರೋಕೆ ಐದಾರು ವರ್ಷ ಬೇಕು, ಬಂದ ಪರಿಹಾರ ಮತ್ತೆ ಗುಂಡಿ ತೋಡೋ ಆಳಿನ ಕೂಲಿಗೂ ಸಾಲಲ್ಲ. ಮತದಾನದ ಹಿಂದೆ ಮುಂದೆ ಹದಿನೈದು ದಿನ ಇಟ್ಕೊಳ್ಳಿ ಅಂದ್ರೆ ಅಪ್ಪ ತಕರಾರೇ ಮಾಡಲ್ಲ. ಮತದಾನ ಮುಗಿದ ಮೇಲೂ ಒಂದು ತಿಂಗಳು ಯಾಕೆ ಒಳಗಿತ್ತು ಅನ್ನೋದೇ ನನ್ನ ಸಂಕಟ.

ಕೋರ್ಟ್_ಜಗಲಿ ಸರ್, ತುಂಬಾ ಉಪಕಾರ ಆಯ್ತು. ಅರ್ಜಿ ವಿಷಯ ಬರ್ಕೊಂಡಿದೀನಿ.

ಕಾವೇರಿ_ಕಡೆಯೋನು:

ನಾನು ಕೊಡಗಿನೋನು. ನಮ್ಮಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸೇ ಬೇಡ ಅಂತ ಆಯುಧ ಕಾಯ್ದೆ ಅಡಿ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ ಬಂದಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, ಅದನ್ನ ಪ್ರಶ್ನೆ ಮಾಡಿದ ಅರ್ಜಿನ 2021ರಲ್ಲಿ ನಮ್ಮ ಹೈಕೋರ್ಟ್ ವಜಾ ಮಾಡ್ತು. ನಮ್ಮ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್ ದಿನ ತೋಕ್‌ಗೆ, ಅಂದ್ರೆ ಕೋವಿಗೆ, ಹೂವಿಟ್ಟು ಪೂಜೆ ಮಾಡ್ತೀವಿ, ಮಗು ಹುಟ್ಟಿದ್ರೆ ಒಂದು ಗುಂಡು, ಮನೇಲಿ ಸಾವಾದ್ರೆ ಎರಡು ಗುಂಡು, ಊರಿಗೆ ಸುದ್ದಿ ಹೋಗೋದೇ ಹಾಗೆ. ಚುನಾವಣಾ ಆಯೋಗದ ಸೂಚನೆಲೂ ಸಂಪ್ರದಾಯದಿಂದ ಆಯುಧ ಹಿಡಿಯೋ ಸಮುದಾಯಗಳಿಗೆ ಈ ನಿಷೇಧ ಅನ್ವಯ ಆಗಲ್ಲ ಅನ್ನೋ ಮಾತಿದೆ, ಹಂಗೇ ರೈಫಲ್ ಅಸೋಸಿಯೇಷನ್ ಮೆಂಬರ್ ಆಗಿ ಸ್ಪರ್ಧೆಗೆ ಹೋಗೋ ಶೂಟರ್‌ಗಳಿಗೂ.

ಆದ್ರೆ ಕೊಡಗಲ್ಲೇ ಲೈಸೆನ್ಸ್ ಮೇಲೆ ಕೋವಿ ಇಟ್ಕೊಂಡಿರೋ ಬೇರೆ ಸಮುದಾಯದ ಸಣ್ಣ ರೈತರೂ ಇದಾರೆ, ಅದೇ ಆನೆ, ಅದೇ ಹಂದಿ ಅವರ ಗದ್ದೆಗೂ ಬರೋದು. ನಂಗೆ ಇರೋ ಅನುಕೂಲ ಪಕ್ಕದ ಮನೆಯೋನಿಗೆ ಇಲ್ಲ ಅನ್ನೋದು ನಂಗೂ ಸರಿ ಅನ್ಸಲ್ಲ. ಅಕ್ಕ, ನೀವು ಒಬ್ರೇ ಅರ್ಜಿ ಕೊಡೋ ಬದಲು ಊರಿನ ಹತ್ತು ಜನ ಒಂದೇ ದಿನ ಹೋಗಿ ಒಬ್ಬೊಬ್ರೂ ಬೇರೆ ಬೇರೆ ಅರ್ಜಿ ಕೊಡಿ, ಒಟ್ಟಿಗೆ ಸಹಿ ಹಾಕಿದ ಒಂದೇ ಅರ್ಜಿ ಬೇಡ, ಅದು ಮನವಿ ಪತ್ರದ ಕಟ್ಟಿಗೆ ಸೇರಿ ಹೋಗುತ್ತೆ.

ನಿವೃತ್ತ_ದಫೇದಾರ್:

ನಾನು ಪೊಲೀಸ್ ಇಲಾಖೇಲಿ ಮೂವತ್ತೆರಡು ವರ್ಷ ಇದ್ದೆ, ಅದರಲ್ಲಿ ಹೆಚ್ಚು ಕಾಲ ಘಟ್ಟದ ಮೇಲಿನ ಸ್ಟೇಷನ್‌ಗಳಲ್ಲಿ ರೈಟರ್ ಕೆಲಸ, ಅಂದ್ರೆ ಠಾಣೆ ದಾಖಲೆ ಬರೆಯೋದು. ಕೋವಿ ತಗೊಂಡು ರಿಜಿಸ್ಟರಲ್ಲಿ ಬರೆದು ಚೀಟಿ ಕಟ್ಟಿ ಒಳಗಿಡ್ತಿದ್ದೋನು ನಾನೇ. ಹಾಗಾಗಿ ಆ ಕಡೆಯ ಕಥೆನೂ ಸ್ವಲ್ಪ ಕೇಳಿ.

ಒಂದು ಠಾಣೆ ವ್ಯಾಪ್ತಿಲಿ ಮುನ್ನೂರು ನಾನೂರು ಕೋವಿ ಇರ್ತವೆ ಮಲೆನಾಡಲ್ಲಿ. ಎಲೆಕ್ಷನ್ ಘೋಷಣೆ ಆದ ದಿನವೇ ಚೆಕ್‌ಪೋಸ್ಟು, ಬಂದೋಬಸ್ತು ಅಂತ ಅರ್ಧ ಸಿಬ್ಬಂದಿ ಹೊರಗೆ. ಮೇಲಿಂದ ದಿನಾ ಸಂಜೆ ಲೆಕ್ಕ ಕೇಳ್ತಾರೆ, ಒಟ್ಟು ಎಷ್ಟು, ಜಮಾ ಎಷ್ಟು, ಬಾಕಿ ಎಷ್ಟು ಅಂತ. ಯಾರ ಕೋವಿ ಯಾಕೆ ತಗೊಂಡ್ರಿ ಅಂತ ಯಾವತ್ತೂ ಯಾರೂ ಕೇಳಿಲ್ಲ, ಬಾಕಿ ಎಷ್ಟು ಅಂತ ಮಾತ್ರ ಕೇಳಿದ್ದು. ಬಾಕಿ ಕಾಲಮ್ಮು ಸೊನ್ನೆ ಆಗೋವರೆಗೆ ಇನ್ಸ್‌ಪೆಕ್ಟರಿಗೆ ನಿದ್ದೆ ಇಲ್ಲ. ನಾನೂರು ಜನರ ಹಿನ್ನೆಲೆ ನೋಡಿ ಇವರದ್ದು ಬೇಕು ಇವರದ್ದು ಬೇಡ ಅಂತ ಬರೆಯೋಕೆ ಒಂದು ವಾರ ಸಾಲಲ್ಲ, ಬರೆದು ಬಿಟ್ಟ ಕೋವಿಯಿಂದ ನಾಳೆ ಏನಾದ್ರೂ ಆದ್ರೆ ಬರೆದವನ ಕೆಲಸ ಹೋಗುತ್ತೆ, ಎಲ್ಲರದ್ದೂ ತಗೊಂಡ್ರೆ ಯಾರ ಕೆಲಸವೂ ಹೋಗಲ್ಲ. ಕಾನೂನು ಓದದೇ ಇರೋದಕ್ಕಿಂತ ಇದು ದೊಡ್ಡ ಕಾರಣ ವಕೀಲರೇ. ಇದು ಸರಿಹೋಗ್ಬೇಕಂದ್ರೆ ಲೈಸೆನ್ಸ್ ರಿನ್ಯೂವಲ್‌ಗೆ ಬಂದಾಗಲೇ ಪ್ರತಿಯೊಬ್ಬರ ಬಗ್ಗೆ ಒಂದು ಹಾಳೆ ಬರೆದಿಡ್ಬೇಕು, ಎಲೆಕ್ಷನ್ ಬಂದಾಗ ಆ ಹಾಳೆ ತೆಗೆದು ನೋಡಿದ್ರೆ ಸಾಕು. ನಾನು ಹೇಳಿದ್ದೆ, ಆಗಲಿಲ್ಲ.

ತುಕ್ಕಿನ ವಿಷಯ. ಹತ್ತಡಿಗೆ ಹನ್ನೆರಡಡಿ ರೂಮು, ಒಂದೇ ಕಿಟಕಿ ಅದನ್ನೂ ಮುಚ್ಚಿರ್ತೀವಿ, ಮೇ ಕೊನೆಗೆ ಗೋಡೆ ಬೆವರುತ್ತೆ. ಕೋವಿ ಗೋಡೆಗೆ ಒರಗಿಸಿ ನಿಲ್ಲಿಸೋದು, ಒಂದರ ಮೇಲೊಂದು. ತರೋಕೆ ಮುಂಚೆ ಎಲ್ಲ ಖಾಲಿ ಮಾಡಿ, ಮಸಿ ಕೇಪು ಏನೂ ಒಳಗೆ ಉಳಿದಿಲ್ಲ ಅಂತ ಎರಡೆರಡು ಸಲ ನೋಡಿ, ನಳಿಗೆ ಒಳಗೂ ಹೊರಗೂ ಒರೆಸಿ ಹೊಲಿಗೆ ಮೆಷಿನ್ನಿನ ಎಣ್ಣೆ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತೆ. ಒಣಗಿದ ಹತ್ತಿ ಬಟ್ಟೆ ಸುತ್ತಿ ಕೊಡಿ, ಪ್ಲಾಸ್ಟಿಕ್ ಸುತ್ತಿದ್ರೆ ಒಳಗೇ ನೀರು ಕಟ್ಟುತ್ತೆ. ಕೊಡೋವಾಗ ಫೋನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೀರಿ, ರಸೀದಿಲಿ ಕೋವಿ ನಂಬರ್ ಸರಿ ಇದೆಯಾ ನೋಡಿ, ಸ್ಥಿತಿ ಚೆನ್ನಾಗಿದೆ ಅಂತ ಒಂದು ಪದ ಬರೆಸ್ಕೊಳ್ಳಿ, ಯಾವ ರೈಟರೂ ಬೇಡ ಅನ್ನಲ್ಲ. ಆದೇಶದಲ್ಲಿ ಅವಕಾಶ ಇದ್ರೆ ಲೈಸೆನ್ಸ್ ಇರೋ ಕೋವಿ ಅಂಗಡಿಲೂ ಇಡಬಹುದು, ಬಾಡಿಗೆ ತಗೋತಾರೆ, ಆದ್ರೆ ಒಣ ಜಾಗ.

ಈಗ ಇನ್ನೊಂದು ಹೇಳ್ತೀನಿ, ಇದನ್ನ ಹೇಳೋಕೇ ಬರೆಯೋಕೆ ಕೂತಿದ್ದು.

ಒಂದು ಎಲೆಕ್ಷನ್ ಮುಗಿದು ಕೋವಿ ವಾಪಸ್ ಕೊಡ್ತಿದ್ದ ವಾರ, ಸಂಜೆ ಆರೂವರೆ ಇರಬಹುದು, ಸಣ್ಣಗೆ ಮಳೆ. ಒಬ್ಬ ಹೆಣ್ಣುಮಗಳು ಕೊಡೆ ಹಿಡ್ಕೊಂಡು ಸ್ಟೇಷನ್ ಕಾಂಪೌಂಡ್ ಹೊರಗೆ ಹಲಸಿನ ಮರದ ಕೆಳಗೆ ನಿಂತಿದ್ಲು, ಒಳಗೂ ಬರಲ್ಲ, ಹೋಗೋದೂ ಇಲ್ಲ. ನಾನೇ ಹೋಗಿ ಏನಮ್ಮ ಅಂದೆ. ಕೈಲಿ ಮಡಚಿದ ರಸೀದಿ ಇತ್ತು, ಗಂಡನ ಹೆಸರಿನ ಕೋವಿ ರಸೀದಿ. ಸಾರ್ ಇದನ್ನ ಅವರ ಕೈಗೆ ಸಿಗದ ಹಾಗೆ ತಗೊಂಡು ಬಂದಿದೀನಿ, ಕೋವಿ ವಾಪಸ್ ಕೊಡಬೇಡಿ ಅಂದ್ಲು. ಈ ಎರಡು ತಿಂಗಳು ಮನೇಲಿ ಕೋವಿ ಇಲ್ದೇ ಇದ್ದಿದ್ದಕ್ಕೆ ಮಕ್ಕಳ ಜೊತೆ ನೆಮ್ಮದಿಯಾಗಿ ಮಲಗಿದ್ವಿ ಅಂದ್ಲು. ಗಂಡ ಒಳ್ಳೇ ಮನುಷ್ಯನೇ, ಸೊಸೈಟಿ ಸಾಲ, ಎರಡು ವರ್ಷ ಕೊಳೆ ರೋಗಕ್ಕೆ ಅಡಿಕೆ ಉದುರಿ ಹೋಗಿದೆ, ಕುಡಿಯೋದು ಹೆಚ್ಚಾಗಿದೆ, ರಾತ್ರಿ ಎದ್ದು ಕೋವಿ ಮಡಿಲಲ್ಲಿ ಇಟ್ಕೊಂಡು ಜಗಲಿಲಿ ಕೂರ್ತಾರೆ, ಮಾತಾಡಿಸಿದ್ರೆ ಮಾತಿಲ್ಲ ಅಂದ್ಲು.

ಅವಳ ಹೆದರಿಕೆ ನಂಗೆ ಪೂರ್ತಿ ಅರ್ಥ ಆಯ್ತು, ಆದ್ರೆ ನನ್ನ ಹತ್ರ ಅದಕ್ಕೆ ಯಾವ ಫಾರಮ್ಮೂ ಇರಲಿಲ್ಲ. ರಸೀದಿ ಇರ್ಲಿ ಇಲ್ದಿರ್ಲಿ, ಲೈಸೆನ್ಸ್‌ದಾರ ಬಂದು ನಿಂತ್ರೆ ಕೊಡಲೇಬೇಕು. ಆಯುಧ ಕಾಯ್ದೆ ಸೆಕ್ಷನ್ 17ರಲ್ಲಿ ದಾರಿ ಇದೆ, ಸಾರ್ವಜನಿಕ ಶಾಂತಿ ಸುರಕ್ಷತೆಗೆ ಬೇಕು ಅನ್ಸಿದ್ರೆ, ಇಲ್ಲ ಲೈಸೆನ್ಸ್‌ದಾರನ ಮನಸ್ಥಿತಿ ಸರಿ ಇಲ್ಲ ಅನ್ಸಿದ್ರೆ ಡಿಸಿ ಲೈಸೆನ್ಸ್ ಅಮಾನತು ಮಾಡಬಹುದು, ಆದ್ರೆ ಅದಕ್ಕೆ ಇನ್ಸ್‌ಪೆಕ್ಟರ್ ವರದಿ, ಅದು ಡಿವೈಎಸ್ಪಿ, ಎಸ್ಪಿ ಮೂಲಕ ಡಿಸಿ ಆಫೀಸು, ಅಲ್ಲಿ ನೋಟಿಸು, ವಿಚಾರಣೆ. ಅವಳಿಗೆ ಬರವಣಿಗೆಲಿ ದೂರು ಕೊಡೋಕೆ ಆಗಲ್ಲ, ಗಂಡನ ಮೇಲೆ ದೂರು ಕೊಟ್ಟೋಳು ಅಂತ ಆ ಮನೇಲಿ ಹೇಗಿರ್ತಾಳೆ. ನಮ್ಮ ಇನ್ಸ್‌ಪೆಕ್ಟರ್ ಸಾಹೇಬ್ರು ಒಳ್ಳೇವ್ರು, ಮಾರನೇ ದಿನ ಅವನ ಅಪ್ಪನ್ನ ಕರೆಸಿದ್ರು, ಮಗನ ಆರೋಗ್ಯ ಸರಿ ಇಲ್ಲ ಸದ್ಯ ಕೋವಿ ಕೊಡಬೇಡಿ ಅಂತ ಮುದುಕನ ಹತ್ರ ಅರ್ಜಿ ಬರೆಸಿ ವರದಿ ಕಳಿಸಿದ್ರು. ವರದಿ ಹೋಗಿ ಆದೇಶ ಬರೋದ್ರೊಳಗೆ ಅವನು ಬಂದೇ ಬಂದ, ಕೋವಿ ಕೊಡಿ ಅಂತ. ಸಾಹೇಬ್ರು ಒಳಗೆ ಕೂರಿಸಿ ಕಾಫಿ ತರಿಸಿ ಮುಕ್ಕಾಲು ಗಂಟೆ ಮಾತಾಡಿದ್ರು. ಕೊನೆಗೆ ಅವನೇ, ಮಳೆಗಾಲ ಕಳೀಲಿ ಸಾರ್ ಇಲ್ಲೇ ಇರ್ಲಿ ಅಂದ, ತಲೆ ಎತ್ತಲಿಲ್ಲ. ಹಾಗೇ ಬರೆದು ಸಹಿ ತಗೊಂಡ್ವಿ. ಆ ವರ್ಷವೇ ನಂಗೆ ವರ್ಗ ಆಯ್ತು, ಆಮೇಲಿನದು ಗೊತ್ತಿಲ್ಲ.

ಈಗಲೂ ಯೋಚನೆ ಬರುತ್ತೆ. ಯಾರ ಮನೆ ಕೋವಿ ಅಪಾಯ ಅಲ್ವೋ ಅಂಥ ಮುನ್ನೂರು ಕೋವಿ ಹನ್ನೆರಡು ವಾರ ಇಟ್ಕೊಳ್ಳೋಕೆ ನಮಗೆ ಒಂದು ಆದೇಶ ಸಾಕು, ಯಾವ ಒಂದು ಮನೇಲಿ ನಿಜವಾಗಿ ಎರಡು ತಿಂಗಳು ಕೋವಿ ಇರಬಾರದೋ ಅಲ್ಲಿ ಒಬ್ಬ ಇನ್ಸ್‌ಪೆಕ್ಟರ್ ಕಾಫಿ ಕೊಟ್ಟು ಬೇಡ್ಕೋಬೇಕು. ಎಲ್ಲ ಠಾಣೆಲೂ ಅಂಥ ಸಾಹೇಬ್ರು ಇರಲ್ಲ.

ಸಿಯಾಟಲ್_ಕನ್ನಡತಿ:

ದಫೇದಾರ್ ಸರ್ ಬರೆದಿದ್ದು ಓದಿ ಕಣ್ಣಲ್ಲಿ ನೀರು ಬಂತು. ನಾನು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನರ್ಸ್, ತವರುಮನೆ ಸಾಗರದ ಕಡೆ. ನೀವು ಇಲ್ಲ ಅಂದ್ರಲ್ಲ ಆ ಫಾರಮ್ಮು, ಅದು ಇಲ್ಲಿ ಇದೆ, ರೆಡ್ ಫ್ಲಾಗ್ ಕಾನೂನು ಅಂತಾರೆ. ಮೊದಲು ಬಂದಿದ್ದು 1999ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ, ನಮ್ಮ ರಾಜ್ಯದಲ್ಲಿ 2016ರಲ್ಲಿ ಜನರೇ ವೋಟ್ ಹಾಕಿ ತಂದ್ರು, ಫ್ಲೋರಿಡಾದಲ್ಲಿ 2018ರಲ್ಲಿ ಪಾರ್ಕ್‌ಲ್ಯಾಂಡ್ ಹೈಸ್ಕೂಲಲ್ಲಿ 17 ಜನ ಸತ್ತ ಮೇಲೆ ಬಂತು. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯದಲ್ಲಿದೆ.

ಇಲ್ಲಿ ಹೆಂಡತಿ, ಅಪ್ಪ ಅಮ್ಮ, ಜೊತೆಗಿರೋರು ಅಥವಾ ಪೊಲೀಸರು ನೇರವಾಗಿ ಕೋರ್ಟಿಗೆ ಅರ್ಜಿ ಕೊಡಬಹುದು, ಫೀಸಿಲ್ಲ. ಗನ್ ಇರೋರು ತಪ್ಪು ಮಾಡಿದಾರೆ ಅಂತ ಕ್ರಿಮಿನಲ್ ದೂರು ಕೊಡೋದಲ್ಲ, ಅವರ ಕೈಲಿ ಸದ್ಯ ಗನ್ ಇದ್ರೆ ಅವರಿಗೋ ಬೇರೆಯೋರಿಗೋ ಅಪಾಯ ಅಂತ ಹೇಳೋದು ಅಷ್ಟೇ. ತುರ್ತು ಅನ್ಸಿದ್ರೆ ಜಡ್ಜ್ ತಕ್ಷಣವೇ ತಾತ್ಕಾಲಿಕ ಆದೇಶ ಕೊಡ್ತಾರೆ, ಹದಿನಾಲ್ಕು ದಿನದೊಳಗೆ ಆ ವ್ಯಕ್ತಿನೂ ಕರೆಸಿ ಎರಡೂ ಕಡೆ ಕೇಳ್ತಾರೆ, ಹೌದು ಅನ್ಸಿದ್ರೆ ಒಂದು ವರ್ಷ. ಪೊಲೀಸರು ಹೋಗಿ ಗನ್ ತಗೊಂಡು ರಸೀದಿ ಕೊಡ್ತಾರೆ. ಮಧ್ಯೆ ಒಂದು ಸಲ ಆ ವ್ಯಕ್ತಿನೇ ಕೋರ್ಟಿಗೆ ಹೋಗಿ ಆದೇಶ ತೆಗೀರಿ ಅಂತಾನೂ ಕೇಳಬಹುದು.

ಕನೆಕ್ಟಿಕಟ್ ಲೆಕ್ಕ ನೋಡಿದ ಸಂಶೋಧಕರು ಹತ್ತರಿಂದ ಇಪ್ಪತ್ತು ಕಡೆ ಹೀಗೆ ಗನ್ ತಗೊಂಡಿದ್ದಕ್ಕೆ ಒಂದು ಆತ್ಮಹತ್ಯೆ ತಪ್ಪಿದೆ ಅಂತ ಅಂದಾಜು ಮಾಡಿದಾರೆ. ನಂಗೆ ಆಸ್ಪತ್ರೆಲಿ ನೋಡಿ ಗೊತ್ತು, ಆ ಕೆಟ್ಟ ಗಳಿಗೆ ತುಂಬಾ ಹೊತ್ತು ಇರಲ್ಲ, ಅದು ದಾಟಿಬಿಟ್ರೆ ಎಷ್ಟೋ ಜನ ಮತ್ತೆ ಆ ದಾರಿ ಹಿಡಿಯಲ್ಲ. ಆ ಗಳಿಗೇಲಿ ಗನ್ ಮನೇಲಿ ಇರಬಾರದು, ಅಷ್ಟೇ.

ಆದ್ರೆ ಇಲ್ಲೂ ಎಲ್ಲ ಸಲೀಸಾಗಿ ನಡೀತಿದೆ ಅನ್ಕೋಬೇಡಿ. ಕಾನೂನಿದೆ ಅಂತಲೇ ಎಷ್ಟೋ ಮನೆಯೋರಿಗೆ ಗೊತ್ತಿಲ್ಲ, ನಾನೇ ಎಷ್ಟು ಜನಕ್ಕೆ ಹೇಳಿದೀನೋ. ಕೊಲೊರಾಡೋದಲ್ಲಿ 2019ರಲ್ಲಿ ಕಾನೂನು ಬಂದಾಗ ಕೆಲವು ಶೆರಿಫ್‌ಗಳು (ಅಲ್ಲಿನ ಕೌಂಟಿ ಪೊಲೀಸ್ ಮುಖ್ಯಸ್ಥರು) ನಾವು ಇದನ್ನ ಜಾರಿ ಮಾಡಲ್ಲ ಅಂತಲೇ ಹೇಳಿಬಿಟ್ರು. ಇನ್ನು ಕೆಲವು ಕಡೆ ಆದೇಶ ಕಾಗದದಲ್ಲಿ ಆಗುತ್ತೆ, ಗನ್ ನಿಜವಾಗಿ ಮನೆಯಿಂದ ಹೊರಗೆ ಬಂತಾ ಅಂತ ನೋಡೋರಿಲ್ಲ. ಸಿಯಾಟಲ್ ಇರೋ ಕಿಂಗ್ ಕೌಂಟಿಲಿ ಅದಕ್ಕೇ ಅಂತ ಪೊಲೀಸರು ಪ್ರಾಸಿಕ್ಯೂಟರ್‌ಗಳು ಸೇರಿ ಒಂದು ಪ್ರತ್ಯೇಕ ತಂಡ ಮಾಡಿದಾರೆ, ಆದೇಶ ಆದ ಮೇಲೆ ಹಿಂದೆ ಬಿದ್ದು ತರೋದೇ ಅವರ ಕೆಲಸ. ವಿರೋಧನೂ ಜೋರಾಗಿದೆ, ತಪ್ಪೇ ಮಾಡದವನ ಹಕ್ಕು ಕಿತ್ಕೊಳ್ಳೋದು ಅಂತ ಕೋರ್ಟಿಗೆ ಹೋದೋರಿದಾರೆ. 2024ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ರಹೀಮಿ ಕೇಸಲ್ಲಿ, ಅದು ಮನೆಯೊಳಗಿನ ಹಿಂಸೆಗೆ ಸಂಬಂಧಪಟ್ಟ ಆದೇಶದ ವಿಷಯ, ಬೇರೆಯೋರಿಗೆ ಅಪಾಯ ಅಂತ ಕೋರ್ಟ್ ಕಂಡುಕೊಂಡ ವ್ಯಕ್ತಿಯಿಂದ ತಾತ್ಕಾಲಿಕವಾಗಿ ಆಯುಧ ದೂರ ಇಡಬಹುದು ಅಂತ ಎಂಟು ಜನ ಜಡ್ಜ್‌ಗಳು ಒಪ್ಪಿದ್ರು, ಒಬ್ರು ಒಪ್ಪಲಿಲ್ಲ.

ಊರಬಾಗ್ಲು ಅವರೇ, ನೀವು ಹೇಳಿದ ಭಯ ಇಲ್ಲೂ ಇದೆ, ಯಾರನ್ನ ನೋಡ್ತಾರೆ ಯಾರನ್ನ ಬಿಡ್ತಾರೆ ಅಂತ. ಅದಕ್ಕೇ ತೀರ್ಮಾನ ಜಡ್ಜ್ ಮುಂದೆ ಇಟ್ಟಿರೋದು, ಕಾರಣ ಬರೆದು ಸಹಿ ಹಾಕ್ಬೇಕು, ಆ ಕಾರಣ ಆ ವ್ಯಕ್ತಿಗೂ ಕಾಣ್ಬೇಕು.

ಊರಬಾಗ್ಲು:

ದಫೇದಾರ್ ಸರ್ ಹೇಳಿದ್ದು ಓದಿದ ಮೇಲೆ ನನ್ನ ಮಾತು ಸ್ವಲ್ಪ ಬದಲಾಯಿಸ್ತೀನಿ. ಎಲೆಕ್ಷನ್‌ಗೆ ಎಲ್ಲರದ್ದೂ ತಗೋಬೇಕು ಅನ್ನೋದು ಈಗಲೂ ನನ್ನ ಅಭಿಪ್ರಾಯ, ಆದ್ರೆ ಮತದಾನ ಮುಗಿದ ವಾರದೊಳಗೆ ಬೆಳೆ ಕಾಯೋರಿಗೆ ವಾಪಸ್ ಕೊಟ್ಬಿಡ್ಬೇಕು, ರಿಸಲ್ಟ್ ತನಕ ಇಟ್ಕೊಳ್ಳೋದಾದ್ರೆ ಕಾರಣ ಬರೀಲಿ. ಆ ಹೆಣ್ಣುಮಗಳ ವಿಷಯ ನಂಗೆ ಯಾವತ್ತೂ ಹೊಳೆದಿರಲಿಲ್ಲ.

ಕೋರ್ಟ್_ಜಗಲಿ:

ದಫೇದಾರ್ ಸಾಹೇಬ್ರೇ, ನೀವು ಅಂದಿದ್ದು ನಿಜ, ಸೆಕ್ಷನ್ 17ನ್ನ ಮನೆಯೋರು ಬಳಸೋ ಹಾಗೆ ಯಾರೂ ಹೇಳಿಕೊಟ್ಟಿಲ್ಲ. ಒಂದು ಮಾತು ಸೇರಿಸ್ತೀನಿ, ಇದನ್ನ ಓದೋರಲ್ಲಿ ಯಾರ ಮನೇಲಾದ್ರೂ ಅಂಥ ಪರಿಸ್ಥಿತಿ ಇದ್ರೆ ದೂರು ಅಂತ ಬರೆಯೋದೇ ಬೇಡ, ಲೈಸೆನ್ಸ್‌ದಾರರ ಆರೋಗ್ಯ ಸರಿ ಇಲ್ಲ, ಚಿಕಿತ್ಸೆ ಮುಗಿಯೋವರೆಗೆ ಆಯುಧ ಸುರಕ್ಷಿತವಾಗಿ ಠಾಣೆಲಿ ಇಟ್ಕೊಳ್ಳಿ ಅಂತ ಡಿಸಿ ಹೆಸರಿಗೆ ಅರ್ಜಿ ಕೊಡಿ, ಡಾಕ್ಟರ್ ಚೀಟಿ ಇದ್ರೆ ಜೊತೆಗೆ ಇಡಿ. ಗಂಡ ಹೊಡೆಯೋದು ಹೆದರಿಸೋದು ಮಾಡ್ತಿದ್ರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಲಿ ಮ್ಯಾಜಿಸ್ಟ್ರೇಟರ ಹತ್ರ ರಕ್ಷಣಾ ಆದೇಶ ಕೇಳುವಾಗ ಕೋವಿ ವಿಷಯ ಮೊದಲನೇ ಪುಟದಲ್ಲೇ ಬರೆಸಿ. ಮಾತಾಡೋಕೆ ಯಾರಾದ್ರೂ ಬೇಕು ಅನ್ನೋರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ.

ತೋಟದಮನೆ_ಮಗಳು:

ಎಲ್ರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಅಪ್ಪಂಗೆ ಓದಿ ಹೇಳಿದೆ. ದಫೇದಾರ್ ಸರ್ ಬರೆದಿದ್ದು ಓದೋವಾಗ ಅಪ್ಪ ಎಲೆ ಅಡಿಕೆ ಹಾಕೋದು ನಿಲ್ಲಿಸಿ ಕೇಳಿದ್ರು. ಆಮೇಲೆ ಒಂದು ವಿಷಯ ಹೇಳಿದ್ರು, ನಂಗೆ ಈವರೆಗೆ ಗೊತ್ತೇ ಇರಲಿಲ್ಲ. ಕೆಳಗಿನ ಮನೆ ದೊಡ್ಡಪ್ಪ ಹೋದ ವರ್ಷ ಅವರ ಕೋವಿ ತಂದು, ನಿನ್ನ ಹತ್ರ ಇಟ್ಕೋ ಅಂತ ಕೇಳಿದ್ರಂತೆ, ಬೇರೆಯೋರ ಕೋವಿ ಇಟ್ಕೊಂಡ್ರೆ ಕಾನೂನು ತಪ್ಪಾಗುತ್ತೆ ಅಂತ ಅಪ್ಪ ಒಪ್ಪಲಿಲ್ಲವಂತೆ, ಯಾಕೆ ಕೇಳ್ತಿದೀಯ ಅಂತಲೂ ವಿಚಾರಿಸಲಿಲ್ಲ ಅಂದ್ರು. ಕೋವಿ ಇಟ್ಕೊಳ್ಳದೇ ಇದ್ದಿದ್ದು ಸರಿನೇ, ಕೇಳದೇ ಇದ್ದಿದ್ದು ತಪ್ಪಾಯ್ತು ಅಂತ ಎರಡು ಸಲ ಅಂದ್ರು.

ಇವತ್ತು ಬೆಳಿಗ್ಗೆ ತಿಂಡಿ ತಿಂದವರೇ ಕೆಳಗಿನ ಮನೆಗೆ ಹೋಗಿದಾರೆ, ಇನ್ನೂ ಬಂದಿಲ್ಲ. ಅಷ್ಟರಲ್ಲಿ ನಾನು ಊರಿನ ಎಂಟು ಮನೆಯೋರ ಪಹಣಿ ನಂಬರ್ ಬರ್ಕೊಂಡೆ, ಅರ್ಜಿ ಎಲ್ಲರದ್ದೂ ಬೇರೆ ಬೇರೆ ಟೈಪ್ ಮಾಡಿಡ್ತೀನಿ, ತಾರೀಖು ಒಂದು ಖಾಲಿ ಬಿಟ್ಟು. ಹೊಲಿಗೆ ಮೆಷಿನ್ ಎಣ್ಣೆ ಅಮ್ಮನ ಹತ್ರ ಅರ್ಧ ಬಾಟ್ಲಿ ಇದೆ.